ಟೆಕ್ಸಾಸ್ ದಂಗೆ ಒಂದು ಫಿರಂಗಿಯಿಂದ ಹುಟ್ಟಿದ್ದಲ್ಲ

ಮಾನ್ಯ ಸಂಪಾದಕರೇ,

ಆಗ ಮೆಕ್ಸಿಕೊಗೆ ಸೇರಿದ್ದ ಟೆಕ್ಸಾಸ್‌ನಲ್ಲಿ ಅಮೆರಿಕದಿಂದ ಬಂದ ವಲಸಿಗರು ಎಬ್ಬಿಸಿದ ದಂಗೆ, ಅಂದ್ರೆ ಟೆಕ್ಸಾಸ್ ಕ್ರಾಂತಿ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. 1835ರ ಅಕ್ಟೋಬರ್‌ನಲ್ಲಿ ಗೊನ್ಸಾಲೆಸ್ ಅನ್ನೋ ಊರಲ್ಲಿ ಒಂದು ಫಿರಂಗಿಗೋಸ್ಕರ ಗಲಾಟೆ ಆಯ್ತು, ಅಲ್ಲಿಂದ ಯುದ್ಧ, ಅಲಾಮೋ, ಸಾನ್ ಹಸಿಂಟೋ ಕದನಗಳು, ಆಮೇಲೆ ಸ್ವಾತಂತ್ರ್ಯ ಅಂತ ಕಥೆ ಓಡುತ್ತೆ. ಹೇಳಿದ್ದು ಸುಳ್ಳಲ್ಲ. ಆದ್ರೆ ಅದಕ್ಕೂ ಹಿಂದಿನ ಹತ್ತು ವರ್ಷ ಪೂರ್ತಿ ಬಿಟ್ಟುಹೋಗಿದೆ, ನನ್ನ ಪ್ರಕಾರ ಅಸಲಿ ವಿಷಯ ಇರೋದೇ ಅಲ್ಲಿ.

ಈ ವಲಸಿಗರು ಗಡಿ ಹಾರಿ ಬಂದು ನೆಲ ಕಿತ್ಕೊಂಡವರು ಅಂತ ಸುಮಾರು ಜನ ಅಂದ್ಕೊಂಡಿದ್ದಾರೆ. ಆಮೇಲೆ ಹಾಗೆ ನುಗ್ಗಿದವರೂ ಇದ್ರು, ಆದ್ರೆ ಮೊದಲು ಅವರನ್ನ ಕರೆಸಿದ್ದೇ ಮೆಕ್ಸಿಕೊ ಸರ್ಕಾರ. ಟೆಕ್ಸಾಸ್‌ನಲ್ಲಿ ಜನ ಕಮ್ಮಿ, ಕೊಮಾಂಚಿ ಅನ್ನೋ ಮೂಲನಿವಾಸಿಗಳ ದಾಳಿ ಬೇರೆ, ಹಾಗಾಗಿ ಬೇಸಾಯದ ಜೊತೆ ದನ ಸಾಕೋ ಕುಟುಂಬಕ್ಕೆ 4,428 ಎಕರೆ ಜಮೀನು ಕೊಡ್ತಿದ್ರು, ಬದಲಿಗೆ ಕ್ಯಾಥೊಲಿಕ್ ಧರ್ಮ ಒಪ್ಕೊಬೇಕು, ದೇಶಕ್ಕೆ ನಿಷ್ಠೆಯಿಂದ ಇರ್ತೀವಿ ಅಂತ ಪ್ರಮಾಣ ಮಾಡಬೇಕು. ಇವರಿಗೆ ಮುಖಂಡ ಸ್ಟೀಫನ್ ಆಸ್ಟಿನ್. 1826ರ ಕೊನೆಗೆ ಹೇಡನ್ ಎಡ್ವರ್ಡ್ಸ್ ಅನ್ನೋನ ಕಡೆಯವರು ನಾಕೊಡೋಚೆಸ್‌ನಲ್ಲಿ "ಫ್ರೆಡೋನಿಯಾ ಗಣರಾಜ್ಯ" ಅಂತ ಘೋಷಣೆ ಮಾಡಿದಾಗ, ಇದೇ ಆಸ್ಟಿನ್ ತನ್ನ ಕಡೆಯ ಜನರನ್ನ ಕರ್ಕೊಂಡು ಮೆಕ್ಸಿಕೊ ಸೈನ್ಯದ ಜೊತೆಗೇ ಹೊರಟ. ಇಷ್ಟು ನಿಷ್ಠೆ ಇದ್ದ ಮನುಷ್ಯ 1835ರಲ್ಲಿ ಯುದ್ಧ ಬಿಟ್ಟು ಬೇರೆ ದಾರಿ ಇಲ್ಲ ಅಂತ ಬರೆಯೋ ಹಾಗೆ ಆಗಿದ್ದು ಹೇಗೆ, ಲೇಖನ ಕೇಳಬೇಕಿದ್ದ ಪ್ರಶ್ನೆ ಇದು.

1830ರ ಏಪ್ರಿಲ್ 6ರ ಕಾಯ್ದೆ ಅಮೆರಿಕದಿಂದ ಹೊಸಬರು ಬರೋದನ್ನ ನಿಲ್ಲಿಸ್ತು, ಸುಂಕದ ಕಟ್ಟೆ ಬಂತು, ಸೈನ್ಯದ ಠಾಣ್ಯ ಬಂತು, ಗುಲಾಮರನ್ನ ತರೋ ಹಾಗಿಲ್ಲ ಅಂತ ಮತ್ತೆ ಬಿಗಿ ಮಾಡಿದ್ರು. ವಲಸಿಗರ ಸಂಖ್ಯೆ ನೋಡಿ ಸರ್ಕಾರಕ್ಕೆ ಭಯ ಆಗಿದ್ದು ಸಹಜವೇ, ಅದರಲ್ಲಿ ನಾನು ತಪ್ಪು ಹುಡುಕಲ್ಲ. ಗುಲಾಮಗಿರಿ ವಿಷಯದಲ್ಲಂತೂ ನ್ಯಾಯ ಪೂರ್ತಿ ಮೆಕ್ಸಿಕೊ ಕಡೆಗೇ ಇತ್ತು. ಹತ್ತಿ ಬೆಳೆಯೋ ಈ ಜನ ಕಾನೂನು ತಪ್ಪಿಸೋಕೆ ಗುಲಾಮರ ಕೈಯಲ್ಲಿ ಜೀವಮಾನಪೂರ್ತಿ ಜೀತ ಮಾಡ್ತೀನಿ ಅಂತ ಕರಾರು ಬರೆಸ್ಕೊಂಡು, ಇವರು ಗುಲಾಮರಲ್ಲ ಕೆಲಸಗಾರರು ಅಂತ ತೋರಿಸ್ತಿದ್ರು. ಕೇಂದ್ರದ ಹಿಡಿತ ಬಿಗಿಯಾದ್ರೆ ಈ ಆಟ ನಡೆಯಲ್ಲ ಅನ್ನೋ ಹೆದರಿಕೆ ಆ ದಂಗೆಯ ಒಳಗೇ ಇತ್ತು, ಲೇಖನದಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ.

ಆದ್ರೂ 1833ರ ತನಕ ಅವರು ಮಾಡಿದ್ದು ಹೆಚ್ಚಾಗಿ ಸಭೆ ಮತ್ತು ಅರ್ಜಿ. 1832ರಲ್ಲಿ ಅನಾಹುವಾಕ್ ಅನ್ನೋ ಊರಲ್ಲಿ ವಲಸಿಗ ವಕೀಲ ಟ್ರಾವಿಸ್‌ನನ್ನ ಜೈಲಿಗೆ ಹಾಕಿದಾಗ ಬಂದೂಕು ಹಿಡಿದು ಹೋದವರು ಕೂಡ, ನಾವು ರಾಜ್ಯಗಳಿಗೆ ಅಧಿಕಾರ ಕೊಟ್ಟ 1824ರ ಸಂವಿಧಾನದ ಪರ, ಮೆಕ್ಸಿಕೊ ಜನರಲ್ ಸಾಂಟಾ ಅನಾ ಪರ ಅಂತಲೇ ನಿರ್ಣಯ ಬರೆದ್ರು! ಆಗ ಅವನು ರಾಜ್ಯಗಳ ಹಕ್ಕಿನ ಪರ ನಿಂತಿದ್ದ. ಮುಂದಿನ ವರ್ಷ ಆಸ್ಟಿನ್ ಅರ್ಜಿ ಹಿಡ್ಕೊಂಡು ಮೆಕ್ಸಿಕೊ ಸಿಟಿಗೆ ಹೋದ. ಪಕ್ಕದ ಕೊಹುಯಿಲಾ ಪ್ರಾಂತ್ಯದ ಜೊತೆ ಸೇರಿಸಬೇಡಿ, ನಮಗೆ ಬೇರೆ ರಾಜ್ಯ ಕೊಡಿ, ವಲಸೆ ನಿಷೇಧ ತೆಗೀರಿ ಅಂತ. ನಿಷೇಧ ತೆಗೆಯೋಕೆ ಸರ್ಕಾರ ಒಪ್ಪಿತು ಕೂಡ. ಆದ್ರೆ ಅದಕ್ಕೆ ಮುಂಚೆ ಬೇಸರದಲ್ಲಿ ಅವನು ಸಾನ್ ಅಂಟೋನಿಯೋದವರಿಗೆ, ಕಾಯ್ಕೊಂಡು ಕೂರಬೇಡಿ, ರಾಜ್ಯ ಸರ್ಕಾರ ಮಾಡ್ಕೊಳ್ಳೋಕೆ ಶುರು ಮಾಡಿ ಅಂತ ಕಾಗದ ಬರೆದಿದ್ದ, ಆ ಕಾಗದ ಮೇಲಿನವರ ಕೈಗೆ ಸಿಕ್ತು. 1834ರ ಜನವರಿಯಲ್ಲಿ ವಾಪಸ್ ಬರೋ ದಾರೀಲಿ ಸಾಲ್ಟಿಯೋದಲ್ಲಿ ಹಿಡಿದ್ರು. ಮೊದಲು ಒಂಟಿ ಕೋಣೆ, ವಿಚಾರಣೆ ಇಲ್ಲ, ಜಾಮೀನು ಸಿಕ್ಕಿದ್ದು ಆ ವರ್ಷದ ಕೊನೆಗೆ, ಊರು ಸೇರಿದ್ದು 1835ರ ಸೆಪ್ಟೆಂಬರ್‌ನಲ್ಲಿ. ಸಮಾಧಾನ ಮಾಡೋಣ ಅನ್ನೋರ ಮುಂದಾಳನ್ನೇ ಒಳಗೆ ಹಾಕಿದ್ರೆ ಹೊರಗೆ ಯಾರ ಮಾತು ನಡೆಯುತ್ತೆ ಹೇಳಿ.

ಅಷ್ಟರಲ್ಲಿ ಮೆಕ್ಸಿಕೊ ಅಧ್ಯಕ್ಷನಾಗಿದ್ದ ಸಾಂಟಾ ಅನಾ ಉಲ್ಟಾ ಹೊಡೆದಿದ್ದ. ಕಾಂಗ್ರೆಸ್, ಅಂದ್ರೆ ಅಲ್ಲಿನ ಸಂಸತ್ತು, ವಿಸರ್ಜನೆ ಮಾಡಿದ, ರಾಜ್ಯಗಳ ಪಡೆಗಳನ್ನ ಕತ್ತರಿಸಿದ, ಒಪ್ಪದ ಸಕಾಟೆಕಾಸ್ ರಾಜ್ಯದ ಮೇಲೆ 1835ರ ಮೇನಲ್ಲಿ ಸೈನ್ಯ ನುಗ್ಗಿಸಿ ಊರು ಲೂಟಿ ಆಯ್ತು. ಇಷ್ಟಾದ್ಮೇಲೂ ಜೂನ್‌ನಲ್ಲಿ ಟ್ರಾವಿಸ್ ಅನಾಹುವಾಕ್ ಠಾಣ್ಯ ಹಿಡಿದಾಗ ಎಷ್ಟೋ ವಲಸಿಗರು ಅವನಿಗೇ ಬೈದ್ರು, ಅವನು ಬಹಿರಂಗವಾಗಿ ಕ್ಷಮೆ ಕೇಳಬೇಕಾಯ್ತು. ಅಲ್ಲಿಗೆ ಬಿಟ್ಟಿದ್ರೆ ಸಾಕಿತ್ತು. ಆದ್ರೆ ಅವನನ್ನ ನಮ್ಮ ಕೈಗೆ ಒಪ್ಪಿಸಿ ಅಂತ ಸೈನ್ಯ ಪಟ್ಟು ಹಿಡೀತು. ಬೈದವರೇ ಈಗ ಅವನ ಬೆನ್ನಿಗೆ ನಿಂತ್ರು.

ಗೊನ್ಸಾಲೆಸ್ ಫಿರಂಗಿ ಕಥೆ ಬರೋದು ಇಲ್ಲಿ. ಅದು ದೊಡ್ಡ ಆಯುಧ ಏನಲ್ಲ, ಕೊಮಾಂಚಿಗಳನ್ನ ಹೆದರಿಸೋಕೆ ಅಂತ 1831ರಲ್ಲಿ ಸರ್ಕಾರವೇ ಕೊಟ್ಟಿದ್ದು. ವಾಪಸ್ ಕೇಳಿದಾಗ ಊರವರು ಅದನ್ನ ಪೀಚ್ ತೋಟದಲ್ಲಿ ಹೂತಿಟ್ಟು, ನಮ್ಮ ಅಧಿಕಾರಿ ಊರಲ್ಲಿಲ್ಲ ಅಂತ ದಿನ ತಳ್ಳಿದ್ರು. ಸುಮಾರು ನೂರು ಕುದುರೆ ಸವಾರರ ಜೊತೆ ಬಂದ ಮೆಕ್ಸಿಕೊ ಸೈನ್ಯಾಧಿಕಾರಿ ಕಾಸ್ಟನ್ಯೇಡಾಗೆ ಆದಷ್ಟು ಜಗಳ ತಪ್ಪಿಸು ಅಂತಲೇ ಹೇಳಿ ಕಳಿಸಿದ್ರು, ತುಂಬಿ ಹರಿಯೋ ಗ್ವಾಡಲೂಪೆ ನದಿ ದಾಟೋಕಾಗದೆ ಆಚೆ ದಡದಲ್ಲೇ ನಿಂತಿದ್ದ. ಆ ಗ್ಯಾಪಲ್ಲಿ ಸುತ್ತಮುತ್ತಲಿಂದ ಜನ ಬಂದು ಸೇರಿಬಿಟ್ರು. ಮುಂದಿನ ತಿಂಗಳು ಸಭೆ ಸೇರಿದಾಗಲೂ ಅವರು ಸ್ವಾತಂತ್ರ್ಯ ಘೋಷಿಸಲಿಲ್ಲ, 1824ರ ಸಂವಿಧಾನ ವಾಪಸ್ ಕೊಡಿ ಅಂತಲೇ ಕೇಳಿದ್ದು. ಘೋಷಣೆ ಬಂದಿದ್ದು 1836ರ ಮಾರ್ಚ್ 2ಕ್ಕೆ.

ಇನ್ನೊಂದು ವಿಷಯ. ಲೇಖನದಲ್ಲಿ ಅಮೆರಿಕನ್ನರ ಹೆಸರು ಮಾತ್ರ ಇದೆ, ಟೆಕ್ಸಾಸ್ ಪರ ನಿಂತ ಮೆಕ್ಸಿಕನ್ನರ ಹೆಸರಿಲ್ಲ. ಹೊಸೆ ಅಂಟೋನಿಯೋ ನವಾರೋ ಆ ಘೋಷಣೆಗೆ ಸಹಿ ಹಾಕಿದವನು. ಯುಕಟಾನ್‌ನಲ್ಲಿ ಹುಟ್ಟಿದ ಲೊರೆನ್ಸೊ ದೆ ಸವಾಲಾ ಹೊಸ ಗಣರಾಜ್ಯದ ತಾತ್ಕಾಲಿಕ ಸರ್ಕಾರದ ಉಪಾಧ್ಯಕ್ಷ. ಸಾನ್ ಹಸಿಂಟೋದಲ್ಲಿ ಹೋರಾಡಿದ ಹುವಾನ್ ಸೆಗಿನ್ ಆಮೇಲೆ ಸಾನ್ ಅಂಟೋನಿಯೋ ಮೇಯರ್ ಆಗಿದ್ರೂ, ದ್ರೋಹಿ ಅನ್ನೋ ಅನುಮಾನಕ್ಕೆ ಗುರಿಯಾಗಿ 1842ರಲ್ಲಿ ಮೆಕ್ಸಿಕೊಗೆ ಹೋಗಬೇಕಾಯ್ತು. ಹೊಸ ಗಣರಾಜ್ಯದ ಸಂವಿಧಾನವಂತೂ ಗುಲಾಮಗಿರಿಯನ್ನ ಕಾನೂನುಬದ್ಧ ಮಾಡ್ತು, ಸ್ವತಂತ್ರ ಕಪ್ಪು ಜನ ಕೂಡ ಅಲ್ಲಿನ ಕಾಂಗ್ರೆಸ್ ಅನುಮತಿ ಇಲ್ಲದೆ ಕಾಯಂ ಆಗಿ ವಾಸ ಮಾಡೋ ಹಾಗಿರಲಿಲ್ಲ. ಲೇಖನದ ಮುಂದಿನ ಭಾಗ ಹಾಕೋ ಯೋಚನೆ ಇದ್ರೆ ದಯವಿಟ್ಟು ಇವರನ್ನೂ ಸೇರಿಸಿ.

ಇಂತಿ,
ನಿಮ್ಮ ಓದುಗ