ಒಂದು ಮೆಣಸಿನ ಕಾಳಿನ ಗೇಣಿ

ಲಂಡನ್
ಶುಕ್ರವಾರ ರಾತ್ರಿ

ತೀರ್ಥರೂಪು ಅಪ್ಪನಿಗೆ,

ನಮಸ್ಕಾರಗಳು. ನಾನು, ಸವಿತಾ, ಪುಟ್ಟಿ ಮೂವರೂ ಇಲ್ಲಿ ಚೆನ್ನಾಗಿದ್ದೇವೆ. ಅಲ್ಲಿ ಎಲ್ಲರೂ ಕ್ಷೇಮ ಅಂದುಕೊಂಡಿದ್ದೇನೆ.

ನಿಮ್ಮ ಪತ್ರ ನಿನ್ನೆ ಕೈಸೇರಿತು. ಮೂರು ಸಲ ಓದಿದೆ. ಫೋನಿನಲ್ಲಿ ನಿಮಗೆ ಸರಿಯಾಗಿ ಕೇಳಿಸುವುದಿಲ್ಲ. ನಾನು ಜೋರಾಗಿ ಮಾತಾಡಿದರೆ ಅಮ್ಮ ಗಾಬರಿಯಾಗುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ. ಅಂಚೆಗೆ ಹಾಕಿದರೆ ತಡ, ಭಾವನ ಫೋನಿಗೆ ಕಳಿಸುತ್ತೇನೆ. ಅವರು ನಾಳೆ ಸಾಗರದಲ್ಲಿ ಪ್ರಿಂಟ್ ತೆಗೆಸಿ ತಂದುಕೊಡುತ್ತಾರೆ. ಹೇಳಬೇಕಾದ ಮಾತು ಮೊದಲೇ ಹೇಳಿಬಿಡುತ್ತೇನೆ. ಸೋಮವಾರ ಅಗ್ರಿಮೆಂಟಿಗೆ ಹೋಗಬೇಡಿ. ನಾವಿಲ್ಲಿ ಕೊಂಡ ಮನೆಯ ಸಾಲ ತೀರಿಸಲು ತೋಟ ಮಾರಬೇಡಿ.

ಹೋದ ತಿಂಗಳು ‘ಕಂತು ಸ್ವಲ್ಪ ಬಿಗಿ ಆಗಿದೆ’ ಅಂದದ್ದು ನಿಜ. ಅವತ್ತು ಕೆಲಸದಿಂದ ಸುಸ್ತಾಗಿ ಬಂದಿದ್ದೆ, ಸುಮ್ನೆ ಬಾಯಿಗೆ ಬಂತು. ಆ ಒಂದು ಮಾತು ಹಿಡಿದುಕೊಂಡು ನೀವು ಬೆಂಗಳೂರಿನವರ ಜೊತೆ ರೇಟು ಮಾತಾಡಿದ್ದೀರಿ ಅಂತ ಓದಿ ಕೈಕಾಲು ತಣ್ಣಗಾಯಿತು. ಅಡ್ವಾನ್ಸ್ ತಗೊಂಡಿಲ್ಲ ತಾನೇ? ತಗೊಂಡಿದ್ದರೆ ವಾಪಸ್ ಕೊಟ್ಟುಬಿಡಿ. ಅದನ್ನು ನಾನು ಕಳಿಸುತ್ತೇನೆ.

ಲೆಕ್ಕ ಬಿಡಿಸಿ ಹೇಳುತ್ತೇನೆ, ಆಗ ನಿಮಗೆ ಸಮಾಧಾನ ಆಗುತ್ತದೆ. ಮನೆಗೆ 6,20,000 ಪೌಂಡ್. ರೂಪಾಯಿ ಲೆಕ್ಕದಲ್ಲಿ ಏಳು ಕೋಟಿ ದಾಟುತ್ತದೆ, ನಿಮಗೆ ಎದೆ ಧಸಕ್ಕೆಂದಿರಬೇಕು. ಆದರೆ ನಾವು ಇಲ್ಲೇ ದುಡಿದು ಇಲ್ಲೇ ಕಟ್ಟುವವರು, ಅದನ್ನು ರೂಪಾಯಿಗೆ ತಿರುಗಿಸಬಾರದು. 93,000 ನಮ್ಮ ಕೈಯಿಂದ ಹಾಕಿದೆವು, ಅದು ಹನ್ನೊಂದು ವರ್ಷದ ಉಳಿತಾಯ. ಉಳಿದ 5,27,000 ಬ್ಯಾಂಕಿನದು, ಮೂವತ್ತು ವರ್ಷದ ಸಾಲ. ತಿಂಗಳಿಗೆ 2,670. ಇಷ್ಟು ದಿನ ಬಾಡಿಗೆಗೇ 2,400 ಕೊಡುತ್ತಿದ್ದೆವು, ಅದು ಪೂರ್ತಿ ಇನ್ನೊಬ್ಬರ ಪಾಲು. ಮೇಲಿನಿಂದ ಸರ್ಕಾರದ ಸ್ಟಾಂಪ್ ಡ್ಯೂಟಿ 21,000. ಮೊದಲ ಮನೆ ಕೊಳ್ಳುವವರಿಗೆ ರಿಯಾಯಿತಿ ಇದೆ, ಆದರೆ 5 ಲಕ್ಷ ಪೌಂಡ್ ಒಳಗಿನ ಮನೆಗೆ ಮಾತ್ರ. ನಮಗೆ ಸಿಗಲಿಲ್ಲ. ಆ 21,000 ಹೋದದ್ದಕ್ಕೇ ಮೊದಲ ಮೂರು ತಿಂಗಳು ಕಷ್ಟವಾಯಿತು. ಈಗ ಸರಿಹೋಗಿದೆ. ಸವಿತಾಳ ಕೆಲಸ ಕಾಯಂ ಆಗಿದೆ. ಆರು ತಿಂಗಳ ಕಂತು ಬೇರೆಯೇ ಎತ್ತಿಟ್ಟಿದ್ದೇವೆ. ಇಬ್ಬರ ಹೆಸರಲ್ಲೂ ವಿಮೆ ಇದೆ. ಇನ್ನೊಂದು ಸಂಗತಿ. ಈ ಸಾಲದಲ್ಲಿ ಮೊದಲ ಐದು ವರ್ಷ, ವರ್ಷಕ್ಕೆ ನೂರಕ್ಕೆ ಹತ್ತರಷ್ಟಕ್ಕಿಂತ ಜಾಸ್ತಿ ತೀರಿಸಿದರೆ ದಂಡ ಹಾಕುತ್ತಾರೆ. ನೀವು ತೋಟ ಮಾರಿ ಕಳಿಸಿದರೂ ಒಟ್ಟಿಗೆ ಕಟ್ಟುವ ಹಾಗಿಲ್ಲ!

ಇನ್ನು ನಿಮ್ಮ ಪತ್ರದ ಎರಡನೇ ಪುಟ. ‘ಅಜ್ಜ ಜೈಲಿಗೆ ಹೋಗಿ ಗೇಣಿ ಬಿಡಿಸಿಕೊಂಡ. ನೀನು ಸಾವಿರಾರು ಮೈಲಿ ಹೋಗಿ ಮತ್ತೆ ಗೇಣಿದಾರನಾದೆ’ ಅಂತ ಬರೆದಿದ್ದೀರಿ. ಅದನ್ನು ಓದಿ ರಾತ್ರಿ ನಿದ್ದೆ ಬರಲಿಲ್ಲ. ನಿಮಗೆ ಯಾರು ಹೇಳಿದರೋ, ಅರ್ಧ ಸರಿ ಹೇಳಿದ್ದಾರೆ. ಇಂಗ್ಲೆಂಡಿನಲ್ಲಿ ಫ್ಲಾಟ್ ಕೊಂಡರೆ ಹೆಚ್ಚಾಗಿ ನೆಲ ನಮ್ಮದಾಗುವುದಿಲ್ಲ. ಇದಕ್ಕೆ ಲೀಸ್‌ಹೋಲ್ಡ್ ಅನ್ನುತ್ತಾರೆ. ನೆಲದ ಒಡೆಯ ಬೇರೆ, ನಾವು ಇಷ್ಟು ವರ್ಷಕ್ಕೆ ಅಂತ ಹಕ್ಕು ಕೊಂಡವರು. ನಮ್ಮದು 999 ವರ್ಷ. ಒಂದು ಕಡಿಮೆ ಸಾವಿರ ವರ್ಷ, ಅಪ್ಪ. ಅದನ್ನು ಮಾರಬಹುದು, ಪುಟ್ಟಿಗೆ ಬಿಟ್ಟುಹೋಗಬಹುದು. ಸಬ್ ರಿಜಿಸ್ಟ್ರಾರ್ ಆಫೀಸಿನ ಹಾಗೆ ಇಲ್ಲಿ ಲ್ಯಾಂಡ್ ರಿಜಿಸ್ಟ್ರಿ ಇದೆ. ಅದರಲ್ಲಿ ನಮ್ಮಿಬ್ಬರ ಹೆಸರು ಕೂತಿದೆ.

ಮೊದಲೆಲ್ಲ ಇಲ್ಲೂ ನೆಲದ ಒಡೆಯನಿಗೆ ವರ್ಷಾ ವರ್ಷ ನೆಲಬಾಡಿಗೆ ಕೊಡಬೇಕಿತ್ತು. ಕೆಲವು ಕಡೆ ಅದು ಹತ್ತು ವರ್ಷಕ್ಕೊಮ್ಮೆ ಎರಡು ಪಟ್ಟಾಗುತ್ತಿತ್ತು, ಜನ ಮನೆ ಮಾರಲೂ ಆಗದೆ ಒದ್ದಾಡಿದರು. 2022ರಲ್ಲಿ ಕಾನೂನು ತಂದರು. ಆ ವರ್ಷ ಜೂನ್ 30ರಿಂದೀಚೆಗೆ ಬರೆದ ಹೊಸ ಲೀಸಿನಲ್ಲಿ ನೆಲಬಾಡಿಗೆ ಎಷ್ಟಿರಬಹುದು ಗೊತ್ತಾ? ವರ್ಷಕ್ಕೆ ಒಂದು ಕಾಳುಮೆಣಸು. ಕಾನೂನಿನಲ್ಲೇ ಹಾಗೆ ಬರೆದಿದೆ, ಒಂದು ಪೆಪ್ಪರ್‌ಕಾರ್ನ್ ಅಂತ. ಹಣ ಏನೂ ಇಲ್ಲ ಅನ್ನುವುದನ್ನು ಇವರ ಹಳೇ ಕೋರ್ಟು ಭಾಷೆಯಲ್ಲಿ ಹಾಗೆ ಹೇಳುತ್ತಾರೆ. ನಮ್ಮ ಲೀಸು ಆಮೇಲಿನದು. ವಕೀಲರು ಆ ಸಾಲಿಗೆ ಬೆರಳಿಟ್ಟು ತೋರಿಸಿದಾಗ ನನಗೆ ಮೊದಲು ನೆನಪಾದದ್ದು ಕೆಳಗಿನ ತೋಟದ ಮೆಣಸಿನ ಬಳ್ಳಿ. ಮನೆಗೆ ಬಂದು, ಅಮ್ಮ ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿ ಕೊಟ್ಟಿದ್ದ ಮೆಣಸಿನಿಂದ ಒಂದು ಕಾಳು ತೆಗೆದು ಲೀಸಿನ ಕಾಗದದ ಮೇಲೆ ಇಟ್ಟೆ. ಮೈಯೆಲ್ಲ ಸುಕ್ಕು, ಒಂದು ಬದಿಯಲ್ಲಿ ತೊಟ್ಟು ಕಿತ್ತ ಗುರುತು. ಉರುಳಿಕೊಂಡು ಹೋಗಿ ನಮ್ಮ ಸಹಿಯ ಹತ್ತಿರ ನಿಂತಿತು. ಸವಿತಾ ಅದನ್ನು ದೇವರ ಪಟದ ಮುಂದೆ ಇಟ್ಟಿದ್ದಾಳೆ, ಇನ್ನೂ ಅಲ್ಲೇ ಇದೆ.

ಈ ಜಾಗಕ್ಕೂ ಮೆಣಸಿಗೂ ಹಳೇ ನಂಟು. ನಮ್ಮ ಮನೆಯಿಂದ ನಡೆದು ಹೋಗುವ ದಾರಿಯಲ್ಲಿ ಪೆಪ್ಪರ್ ಸ್ಟ್ರೀಟ್ ಅಂತಲೇ ಒಂದು ಬೀದಿ ಇದೆ. ಸ್ವಲ್ಪ ಆಚೆ 1806ರಲ್ಲಿ ಈಸ್ಟ್ ಇಂಡಿಯಾ ಡಾಕ್ ಅಂತ ಹಡಗುಕಟ್ಟೆ ಕಟ್ಟಿದ್ದರು, ಈಗ ಅಲ್ಲಿ ಲವಂಗ, ಜಾಯಿಕಾಯಿ, ಕೊತ್ತಂಬರಿ ಹೆಸರಿನ ರಸ್ತೆಗಳಿವೆ. ನಮ್ಮ ಕಡೆಯ ಮೆಣಸಿಗಾಗಿ ಪೋರ್ಚುಗೀಸರು ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ‘ಮೆಣಸಿನ ರಾಣಿ’ ಅಂದರಲ್ಲ, ಅದನ್ನು ಪುಟ್ಟಿಗೆ ಹೇಳಿಕೊಂಡೇ ಆ ಬೀದಿ ದಾಟುತ್ತೇನೆ.

ಆದರೆ ನಿಮ್ಮ ಹತ್ತಿರ ಮುಚ್ಚಿಡುವುದಿಲ್ಲ. ನಿಮ್ಮ ಅನುಮಾನ ಪೂರ್ತಿ ಸುಳ್ಳಲ್ಲ. ನೆಲಬಾಡಿಗೆ ಇಲ್ಲದಿದ್ದರೂ ಸರ್ವಿಸ್ ಚಾರ್ಜ್ ಅಂತ ಇದೆ. ಲಿಫ್ಟು, ಕಾವಲು, ಕಟ್ಟಡದ ವಿಮೆ, ಮೆಟ್ಟಿಲು ಗುಡಿಸುವುದು, ಎಲ್ಲ ಸೇರಿ ನಮಗೆ ವರ್ಷಕ್ಕೆ 4,500 ಪೌಂಡ್. ಈ ಸಲ ಏರಿಸಿದರು, ಯಾಕೆ ಅಂತ ಸರಿಯಾಗಿ ಹೇಳಲಿಲ್ಲ. ಆಗ ನಾನು ಅಟ್ಟದ ಮೇಲಿನ ಅಜ್ಜನ ಕೊಳಗ ನೆನೆಸಿಕೊಂಡೆ. 1951ರ ಕಾಗೋಡು ಸತ್ಯಾಗ್ರಹದಲ್ಲಿ ಗಣಪತಿಯಪ್ಪನವರ ಹಿಂದೆ ಗದ್ದೆಗೆ ಇಳಿದ ಗೇಣಿದಾರರು ಕೇಳಿದ್ದೂ ಅದೇ ಅಲ್ವಾ? ನಮ್ಮ ಬತ್ತ ಅಳೆಯುವ ಕೊಳಗ ಎಷ್ಟು ದೊಡ್ಡದು, ಯಾರು ನಿಗದಿ ಮಾಡಿದರು ಅಂತ. ಇಲ್ಲಿ ಖರ್ಚಿನ ರಸೀದಿ ನೋಡುವ ಹಕ್ಕು ನಮಗೆ ಕಾನೂನಿನಲ್ಲೇ ಇದೆ. ಕಟ್ಟಡದ ಮೂವತ್ತು ಮನೆಯವರು ಸೇರಿ ಅರ್ಜಿ ಕೊಟ್ಟಿದ್ದೇವೆ. ಅರ್ಜಿ ಬರೆದದ್ದು ನಾನು. ಅವರು ಜಗ್ಗದಿದ್ದರೆ ಇಲ್ಲೂ ಒಂದು ನ್ಯಾಯಮಂಡಳಿ ಇದೆ, ಅಲ್ಲಿಗೆ ಹೋಗುತ್ತೇವೆ. ನಿಮಗೆ ಇಷ್ಟವಾಗುವ ಸುದ್ದಿ ಇನ್ನೊಂದು. ನಮ್ಮಲ್ಲಿ 1974ರಲ್ಲಿ ಉಳುವವನೇ ಒಡೆಯ ಆದ ಹಾಗೆ, ಇಲ್ಲೂ 1967ರಲ್ಲಿ ಲೀಸಿನ ಮನೆಯವರಿಗೆ ನೆಲ ಕೊಂಡುಕೊಳ್ಳುವ ಹಕ್ಕು ಕೊಟ್ಟರು. 1993ರಲ್ಲಿ ಫ್ಲಾಟಿನವರಿಗೂ, ಸಾಕಷ್ಟು ಮನೆಯವರು ಒಟ್ಟಾದರೆ, ಆ ಹಕ್ಕು ಬಂತು. ದಾರಿ ಇದೆ ಅಪ್ಪ. ನಾನು ಕಣ್ಣು ಮುಚ್ಚಿ ಸಹಿ ಹಾಕಿಲ್ಲ. ವಕೀಲರು ನಾಲ್ಕು ತಿಂಗಳು ಕಾಗದ ನೋಡಿದರು. ನಾನೂ ಒಂದೊಂದು ಹಾಳೆ ಓದಿದೆ, ಓದುವುದನ್ನು ನೀವೇ ಕಲಿಸಿದ್ದು.

ಈಗ ಅಮ್ಮನಿಗೆ. ಅಮ್ಮಾ, ‘ನೀರಿನ ಪಕ್ಕ ಮನೆ ಬೇಡವೇ ಬೇಡ’ ಅಂತ ನೀನು ಅಪ್ಪನ ಪತ್ರದ ಕೊನೆಗೆ ಬರೆಸಿದ್ದೀಯ. ನಿನ್ನ ತವರನ್ನು ಲಿಂಗನಮಕ್ಕಿ ನೀರು ನುಂಗಿದ್ದು ನನಗೆ ಗೊತ್ತು. ಬೇಸಿಗೆಯಲ್ಲಿ ನೀರು ಇಳಿದಾಗ ನೀನು ದಡದಲ್ಲಿ ನಿಂತು ‘ಅಗೋ ಅಲ್ಲಿ ನಮ್ಮ ಬಾವಿಕಟ್ಟೆ ಇತ್ತು’ ಅಂತ ತೋರಿಸುತ್ತಿದ್ದದ್ದು ಕಣ್ಣಲ್ಲೇ ಇದೆ. ಥೇಮ್ಸ್ ನದಿ ಹಾಗಲ್ಲ. ಇದು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ, ಸಮುದ್ರದ ಭರತ ಇಲ್ಲಿಯವರೆಗೂ ಬರುತ್ತದೆ. ಲಂಡನ್ ಬ್ರಿಜ್ ಹತ್ತಿರ ಏಳು ಮೀಟರಿನವರೆಗೂ ವ್ಯತ್ಯಾಸ. ಇಳಿದಾಗ ಕಲ್ಲು, ಸಿಂಪಿ ಚಿಪ್ಪು, ಹಳೇ ಹಡಗಿನ ತುಕ್ಕು ಮೊಳೆ ಕಾಣುತ್ತವೆ. 1953ರಲ್ಲಿ ಸಮುದ್ರ ಉಕ್ಕಿ ಇಂಗ್ಲೆಂಡಿನಲ್ಲಿ 307 ಜನ ಸತ್ತರು. ಅದಾದ ಮೇಲೆ ನದಿಗೆ ಅಡ್ಡ ದೊಡ್ಡ ಉಕ್ಕಿನ ಬಾಗಿಲುಗಳನ್ನು ಕಟ್ಟಿದ್ದಾರೆ, ನಮ್ಮ ಮನೆಯಿಂದ ಸಮುದ್ರದ ಕಡೆಗೇ ಅವು ಇವೆ. ನೀರು ಜಾಸ್ತಿ ಬರುವ ಸೂಚನೆ ಸಿಕ್ಕರೆ ಮುಚ್ಚುತ್ತಾರೆ. ನಾವು ಏಳನೇ ಮಹಡಿಯಲ್ಲಿದ್ದೇವೆ. ಹೆದರಬೇಡ. ಪುಟ್ಟಿ ಒಬ್ಬಳೇ ನೀರಿನ ಹತ್ತಿರ ಹೋಗುವುದಿಲ್ಲ. ಈಜಿಗೂ ಸೇರಿಸಿದ್ದೇನೆ.

ಈ ಊರಿನ ಹೆಸರು ಐಲ್ ಆಫ್ ಡಾಗ್ಸ್. ನಾಯಿಗಳ ದ್ವೀಪ ಅಂತ ಕೇಳಿ ಅಕ್ಕ ಫೋನಿನಲ್ಲಿ ನಕ್ಕಿದ್ದೇ ನಕ್ಕಿದ್ದು. ಆದರೆ ಬಂದು ನೋಡಿದರೆ ನಗುವುದಿಲ್ಲ. ಮೂರು ಕಡೆ ನದಿ. 1802ರಲ್ಲಿ ಹಡಗುಕಟ್ಟೆ ಮಾಡಿದ್ದರು, ಹಡಗುಗಳು ದೊಡ್ಡದಾಗಿ ಒಳಗೆ ಬರಲಾರದೆ 1980ರಲ್ಲಿ ಮುಚ್ಚಿತು. ಆ ಪಾಳು ಜಾಗದಲ್ಲೇ ಈಗಿನ ನಲವತ್ತು ಐವತ್ತು ಮಹಡಿಯ ಬ್ಯಾಂಕು, ಆಫೀಸು ಕಟ್ಟಡಗಳು ಎದ್ದಿವೆ. ಡ್ರೈವರ್ ಇಲ್ಲದ ರೈಲು ಓಡುತ್ತದೆ, 1987ರಿಂದಲೇ! ಪುಟ್ಟಿ ಯಾವಾಗಲೂ ಮುಂದಿನ ಸೀಟು ಹಿಡಿದು ತಾನೇ ಓಡಿಸುತ್ತಾಳೆ. ಈ ಎತ್ತರದ ಕಟ್ಟಡಗಳ ಬುಡದಲ್ಲೇ ಮಡ್‌ಚೂಟ್ ಅಂತ 32 ಎಕರೆ ಹಸಿರು ಜಾಗ, ಅಲ್ಲಿ ಹಸು, ಕುರಿ, ಮೇಕೆ ಮೇಯುತ್ತವೆ. ಕಟ್ಟೆಯ ಹೂಳು ತೆಗೆದು ಸುರಿದ ಜಾಗ ಅದು, ಅದಕ್ಕೇ ಹುಲ್ಲು ಹಾಗೆ ಬೆಳೆಯುತ್ತದೆ. ಭಾನುವಾರ ಹೋಗಿ ಹಸುವಿನ ಮೈ ಸವರಿ ಬರುತ್ತೇವೆ. ವುಲ್ವಿಚ್‌ನಲ್ಲಿ ಕಾರುಗಳನ್ನೂ ದಾಟಿಸುವ ಲಾಂಚ್ ಇದೆ, ಥೇಟ್ ನಮ್ಮ ಹೊಳೆಬಾಗಿಲಿನ ಲಾಂಚಿನ ಹಾಗೆ. 1889ರಿಂದ ಇವತ್ತಿನವರೆಗೂ ಒಂದು ಪೈಸೆ ತಗೊಂಡಿಲ್ಲ. ಸಿಗಂದೂರಿಗೆ ಸೇತುವೆ ಆದಮೇಲೆ ನಮ್ಮ ಲಾಂಚ್ ನೆನಪಾದಾಗೆಲ್ಲ ಅಲ್ಲಿಗೆ ಹೋಗಿ ಹತ್ತುತ್ತೇನೆ. ಬೀಗದ ಕೈ ಸಿಕ್ಕ ದಿನ ಮೊದಲು ಹೋದದ್ದು ಮಾತ್ರ ಬಸವಣ್ಣನವರ ಪ್ರತಿಮೆಗೆ. ಇದೇ ನದಿಯ ದಡದಲ್ಲಿ, ಪಾರ್ಲಿಮೆಂಟಿನ ಎದುರು ದಡದಲ್ಲಿ ಇದೆ, 2015ರಲ್ಲಿ ನಿಲ್ಲಿಸಿದ್ದು. ಹಾಲು ಉಕ್ಕಿಸುವಾಗ ಹೊಗೆ ಗಂಟೆ ಹೊಡೆದುಕೊಳ್ಳುತ್ತದೆ ಅಂತ ಕಿಟಕಿ ತೆಗೆದಿಟ್ಟೆವು, ಚೆನ್ನಾಗಿ ಉಕ್ಕಿತು. ಪೂರ್ವಕ್ಕೇ ಉಕ್ಕಿತು ಅಂತ ಅಮ್ಮನಿಗೆ ಹೇಳಿ.

ಮತ್ತೆ ತೋಟದ ಮಾತಿಗೆ ಬರುತ್ತೇನೆ. 2020ರಲ್ಲಿ ಕಾನೂನು ತಿದ್ದಿದ ಮೇಲೆ ನಮ್ಮಲ್ಲಿ ಬೇಸಾಯ ಮಾಡದವರೂ ಜಮೀನು ಕೊಳ್ಳಬಹುದು. ಅದಕ್ಕೇ ಬೆಂಗಳೂರಿನವರು ಹೋಂಸ್ಟೇ ಮಾಡಲು ಹುಡುಕಿಕೊಂಡು ಬರುತ್ತಾರೆ. ಅವರಿಗೆ ಆ ಹಕ್ಕಿದೆ, ನನಗಿಲ್ಲ. ನಾನೀಗ ಈ ದೇಶದ ಪಾಸ್‌ಪೋರ್ಟಿನವನು. ಭಾರತದಲ್ಲಿ ನಾನು ಮನೆ ಕೊಳ್ಳಬಹುದು, ಸೈಟು ಕೊಳ್ಳಬಹುದು, ಕೃಷಿ ಜಮೀನು ಮಾತ್ರ ಕೊಳ್ಳುವಂತಿಲ್ಲ. ನಿಮ್ಮಿಂದ ವಾರಸಾಗಿ ಬಂದರೆ ಇಟ್ಟುಕೊಳ್ಳಬಹುದು, ಅಷ್ಟೇ. ಸೋಮವಾರ ಅದು ಕೈಬಿಟ್ಟರೆ, ಮುಂದೆ ನಾನು ಎಷ್ಟು ದುಡಿದರೂ ಅದರಲ್ಲಿ ಒಂದು ಗುಂಟೆ ವಾಪಸ್ ತರಲಾರೆ. ಇದನ್ನು ನೀವು ಯೋಚಿಸಿಲ್ಲ ಅನ್ನಿಸಿತು.

ಗೇಣಿ ಜಮೀನು ನಮ್ಮ ಹೆಸರಿಗೆ ಮಾಡಿಸಲು ಏಳನೇ ನಂಬರ್ ಫಾರಂ ತುಂಬಿದವರು ನೀವೇ ತಾನೇ? ಅಜ್ಜ ಹೇಳಿದ, ನೀವು ಬರೆದಿರಿ. ಮೂರು ವರ್ಷ ತಾಲ್ಲೂಕು ಕಚೇರಿಗೆ ತಿರುಗಿದಿರಿ. ಪಹಣಿಯಲ್ಲಿ ಅಜ್ಜನ ಹೆಸರು ಬಂದ ದಿನ ಅಜ್ಜ ಊಟ ಮಾಡದೆ ಗದ್ದೆ ಅಂಚಿನಲ್ಲಿ ಕತ್ತಲಾಗುವವರೆಗೂ ಕೂತಿದ್ದ ಅಂತ ನೀವೇ ಹೇಳಿದ್ದು. ಆ ನೆಲ ನನ್ನ ಸಾಲಕ್ಕೆ ಹೋಗಬಾರದು. ಎಲೆಚುಕ್ಕಿ ರೋಗ ಜಾಸ್ತಿ ಆಗಿದೆ, ಅಡಿಕೆ ಕೊನೆ ಕೊಯ್ಯಲು ಜನ ಸಿಗುವುದಿಲ್ಲ, ನಿಮ್ಮ ಮೊಣಕಾಲು ನೋವು, ಎಲ್ಲ ನನಗೆ ಗೊತ್ತು. ಮಂಜಣ್ಣನಿಗೆ ಈ ವರ್ಷ ಅಡಿಕೆ ಕೊನೆ ಗುತ್ತಿಗೆ ಕೊಟ್ಟುಬಿಡಿ. ಔಷಧಿ ಹೊಡೆಸುವ ಖರ್ಚು ನಾನು ಕಳಿಸುತ್ತೇನೆ. ಏಪ್ರಿಲ್‌ನಲ್ಲಿ ನಾನೇ ಬರುತ್ತೇನೆ, ಟಿಕೆಟ್ ಆಗಿದೆ.

ಇಲ್ಲಿ ನಮಗೆ ಏನೂ ಕೊರತೆ ಇಲ್ಲ. ಸಾಲದ ಚಿಂತೆ ಬಿಡಿ. ಬಿಪಿ ಮಾತ್ರೆ ತಪ್ಪಿಸಬೇಡಿ. ನಿಜವಾಗಿ ಏನೂ ಕೊರತೆ ಇಲ್ಲ ಅಪ್ಪ.

ಹನ್ನೆರಡೂವರೆ ಆಯಿತು, ಬೆಳಿಗ್ಗೆ ಪುಟ್ಟಿಯ ಈಜು ಇದೆ. ಭಾವ ಮಲಗಿ ಏಳುವಷ್ಟರಲ್ಲಿ ಇದು ಅವರ ಫೋನಿನಲ್ಲಿರಬೇಕು. ಅಕ್ಕನಿಗೆ ಬೇರೆ ಬರೆಯುತ್ತೇನೆ. ಸೋಮವಾರ ಹೋಗುವುದಿಲ್ಲ ಅಂತ ಭಾವನ ಕೈಲಿ ಒಂದು ಮಾತು ಹೇಳಿ ಕಳಿಸಿ, ಕಾಯುತ್ತಿರುತ್ತೇನೆ.

ನಿಮ್ಮ ಮಗ,
ರವಿ