ತಮ್ಮ ಹೋಗಲಿ, ಸಹಿ ಮಾತ್ರ ನೋಡಿ ಹಾಕಲಿ

ಬಿಂಗ್‌ಹ್ಯಾಮ್ಟನ್, ನ್ಯೂಯಾರ್ಕ್

ತೀರ್ಥರೂಪ ಅಪ್ಪನವರಿಗೆ, ಅಮ್ಮನಿಗೆ ನಮಸ್ಕಾರಗಳು. ನಾವಿಲ್ಲಿ ಕ್ಷೇಮ. ಮಗಳಿಗೆ ಶೀತ ಬಿಟ್ಟಿದೆ, ಶಾಲೆಗೆ ಹೋಗುತ್ತಿದ್ದಾಳೆ.

ತಮ್ಮನು ಬ್ಯಾಂಕಿನ ಕೆಲಸ ಬಿಟ್ಟು ಧಾರಾವಾಹಿ ಬರೆಯಲಿಕ್ಕೆ ಬೆಂಗಳೂರಿಗೆ ಹೊರಟಿದ್ದಾನೆ, ನೀವು ಅವನ ಹತ್ತಿರ ಮಾತು ಬಿಟ್ಟಿದ್ದೀರಿ ಎಂದು ಅಪ್ಪಚ್ಚಿ ಹೇಳಿದರು. ಫೋನಿನಲ್ಲಿ ಶುರುಮಾಡಿದರೆ ಜಗಳಕ್ಕೇ ನಿಂತೀತು ಎಂದು ಬರೆಯುತ್ತಿದ್ದೇನೆ. ಅಪ್ಪ, ಶಾಲಾ ಕಲೋತ್ಸವದಲ್ಲಿ ಅವನು ಕನ್ನಡ ಕಥೆ ಬರೆದು ಎ ಗ್ರೇಡ್ ತಂದಾಗ ಪೆರ್ಲ ಪೇಟೆಯಿಡೀ ಸುದ್ದಿ ಹೇಳಿಕೊಂಡು ಬಂದವರು ನೀವೇ. ಈಗ "ಇದು ಎಂತ ಹುಚ್ಚು" ಎಂದರೆ ಹೇಗೆ? ಅಮ್ಮ, ನೀನು ಅಡುಗೆ ಬೇಗ ಮುಗಿಸಿ ಕೂತು ನೋಡುತ್ತಿದ್ದ 'ಮುಕ್ತ' ಧಾರಾವಾಹಿಯನ್ನು ಬರೆದು ನಿರ್ದೇಶಿಸಿದ ಟಿ. ಎನ್. ಸೀತಾರಾಂ ಕೂಡ ವಕೀಲಿಕೆಯಿಂದ ಆ ಕಡೆಗೆ ಹೋದವರು. ಅದರಲ್ಲಿ ಸಿ.ಎಸ್.ಪಿ. ಎಂಬ ವಕೀಲನಾಗಿ ಕೋರ್ಟಿನಲ್ಲಿ ವಾದಿಸಿದವರೂ ಅವರೇ.

ಅವನು ಹೋಗುವುದು ನನಗೆ ಹೆದರಿಕೆಯಲ್ಲ. ಹೋದ ಮೇಲೆ ಯಾವ ಕಾಗದಕ್ಕೆ ಸಹಿ ಹಾಕುತ್ತಾನೆ ಎನ್ನುವುದು ಹೆದರಿಕೆ.

ನಾವಿರುವ ಈ ಊರಿನಲ್ಲಿ ಬೆಳೆದ ಒಬ್ಬನ ಕಥೆ ಹೇಳುತ್ತೇನೆ. ಹೆಸರು ರಾಡ್ ಸರ್ಲಿಂಗ್, ಹುಟ್ಟಿದ್ದು 1924ರಲ್ಲಿ. ಎರಡನೇ ಮಹಾಯುದ್ಧದಲ್ಲಿ ಪ್ಯಾರಾಟ್ರೂಪರ್ ಆಗಿ ಫಿಲಿಪ್ಪೀನ್ಸ್‌ನಲ್ಲಿ ಕಾದಾಡಿ ಬಂದು, ರೇಡಿಯೋಕ್ಕೆ, ಟಿ.ವಿ.ಗೆ ಬರೆಯತೊಡಗಿದ. 70ಕ್ಕೂ ಹೆಚ್ಚು ಟಿ.ವಿ. ಸ್ಕ್ರಿಪ್ಟ್ ಬರೆದ ಮೇಲೆ 1955ರ ಜನವರಿಯಲ್ಲಿ 'ಪ್ಯಾಟರ್ನ್ಸ್' ಎಂಬ ನಾಟಕ ಪ್ರಸಾರವಾಯಿತು, ರಾತ್ರಿ ಬೆಳಗಾಗುವುದರೊಳಗೆ ಹೆಸರು ಬಂತು. ಆಗ ಟಿ.ವಿ. ನಾಟಕವೆಂದರೆ ನೇರಪ್ರಸಾರ. ಜನ ಮತ್ತೊಮ್ಮೆ ಬೇಕೆಂದರು, ಫೆಬ್ರವರಿಯಲ್ಲಿ ನಟರೆಲ್ಲ ಬಂದು ಇಡೀ ನಾಟಕವನ್ನು ಪುನಃ ಆಡಿದರು.

ಹೆಸರು ಬಂತು, ಹಿಡಿತ ಬರಲಿಲ್ಲ. ಅದೇ ವರ್ಷ ಮಿಸಿಸಿಪ್ಪಿಯಲ್ಲಿ ಎಮೆಟ್ ಟಿಲ್ ಎಂಬ 14 ವರ್ಷದ ಕಪ್ಪು ಹುಡುಗನನ್ನು ಬಿಳಿಯರು ಕೊಂದರು, ಕೋರ್ಟು ಕೊಂದವರನ್ನು ಬಿಟ್ಟಿತು. ಸರ್ಲಿಂಗ್ ಅದನ್ನು ಮನಸ್ಸಿನಲ್ಲಿಟ್ಟುಕೊಂಡು ನಾಟಕ ಬರೆದ. ಜಾಹೀರಾತು ಕೊಡುವವರು ಗಾಬರಿಬಿದ್ದರು. ಕಥೆ ನಡೆಯುವ ಊರು ದಕ್ಷಿಣದಿಂದ ಉತ್ತರಕ್ಕೆ ಹೋಯಿತು, ಸತ್ತವನು ಯಾರೋ ಪರದೇಶಿಯಾದ. ಕೋಕಾ ಕೋಲಾ ಕಂಡರೆ ಜನರಿಗೆ ದಕ್ಷಿಣ ನೆನಪಾದೀತು ಎಂದು ದೃಶ್ಯದಿಂದ ಆ ಬಾಟಲಿಯನ್ನೂ ತೆಗೆಸಿದರು ಎಂದು ಆತನೇ ಮುಂದೆ ಹೇಳಿಕೊಂಡಿದ್ದಾನೆ. ಬಾಟಲಿಗೇ ಅಷ್ಟು ಹೆದರಿದವರು ಮಾತುಗಳನ್ನು ಬಿಟ್ಟಾರೆಯೇ!

ಆಮೇಲೆ ಅವನು ಹಿಡಿದ ದಾರಿ ನನಗೆ ಬಹಳ ಹಿಡಿಸಿತು. ಬರೆಯುವವನೇ ನಿರ್ಮಾಪಕನೂ ಆದರೆ ಕತ್ತರಿ ತನ್ನ ಕೈಯಲ್ಲಿರುತ್ತದೆ ಎಂದು ಸ್ವಂತ ಸಂಸ್ಥೆ ಕಟ್ಟಿ, 1959ರ ಅಕ್ಟೋಬರಿನಲ್ಲಿ 'ಟ್ವೈಲೈಟ್ ಝೋನ್' ಶುರುಮಾಡಿದ. 1964ರವರೆಗೆ ಬಂದ 156 ಕಂತುಗಳಲ್ಲಿ 92 ಅವನೇ ಬರೆದದ್ದು. ನೇರವಾಗಿ ಹೇಳಲು ಬಿಡದ ಜನಾಂಗದ್ವೇಷ, ಯುದ್ಧ, ಗುಂಪು ಸೇರಿ ಒಬ್ಬನ ಮೇಲೆ ಬೀಳುವುದು, ಎಲ್ಲವನ್ನೂ ಅನ್ಯಗ್ರಹದವರ, ಭೂತಪ್ರೇತಗಳ ಕಥೆಯೊಳಗೆ ಹೊಗಿಸಿದ. ಜಾಹೀರಾತಿನವರಿಗೆ ಗೊತ್ತೇ ಆಗಲಿಲ್ಲವೋ, ಗೊತ್ತಾದರೂ ಸುಮ್ಮನಿದ್ದರೋ. ನಿರ್ದೇಶನ ಮಾತ್ರ ಬೇರೆಯವರಿಗೆ ಬಿಟ್ಟಿದ್ದ. ಈಗಲೂ ಅಮೆರಿಕದ ಟಿ.ವಿ.ಯಲ್ಲಿ ಹಾಗೆಯೇ: ಸಿನಿಮಾದಲ್ಲಿ ನಿರ್ದೇಶಕ ದೊಡ್ಡವನು, ಧಾರಾವಾಹಿಯಲ್ಲಿ ಮುಖ್ಯ ಬರಹಗಾರನೇ ಯಜಮಾನ. ನಿರ್ದೇಶಕರು ಕಂತಿಗೊಬ್ಬರು ಬಂದು ಹೋಗುತ್ತಾರೆ.

ನಮ್ಮ ಮನೆಯ ಹತ್ತಿರದ ರಿಕ್ರಿಯೇಶನ್ ಪಾರ್ಕಿನಲ್ಲಿ ಅವನು ಚಿಕ್ಕಂದಿನಲ್ಲಿ ಆಡಿದ ಕುದುರೆ ತಿರುಗಣೆ ಇದೆ. ಟಿಕೆಟ್ ಇಲ್ಲ, ಮಕ್ಕಳಿಗೆ ಪುಕ್ಕಟೆ. ಶೂ ಕಾರ್ಖಾನೆಯ ಧಣಿಯೊಬ್ಬರು ಆ ಷರತ್ತಿನ ಮೇಲೆಯೇ ಊರಿಗೆ ಕೊಟ್ಟದ್ದಂತೆ. ಮೇಲಿನ ಹಲಗೆಗಳ ಮೇಲೆ ಆ ಧಾರಾವಾಹಿಯ ಚಿತ್ರಗಳಿವೆ. ಮಗಳು ಪ್ರತಿ ಸಲ ಕಪ್ಪು ಕುದುರೆಯೇ ಬೇಕೆಂದು ಹಠ ಮಾಡುತ್ತಾಳೆ, ಬೇರೆ ಮಗು ಹತ್ತಿದ್ದರೆ ಕಾಯುತ್ತಾಳೆ, ನನಗೆ ನಿಂತು ಆ ಚಿತ್ರಗಳನ್ನು ನೋಡುವ ಕೆಲಸ.

ಇಷ್ಟು ಬುದ್ಧಿವಂತನೂ ಕಡೆಗೆ ಆ ಧಾರಾವಾಹಿಯಲ್ಲಿ ತನಗಿದ್ದ ಪಾಲನ್ನು ಸಿಬಿಎಸ್‌ ವಾಹಿನಿಗೇ ಮಾರಿಬಿಟ್ಟ. ಹಾಕಿದ ದುಡ್ಡು ಹುಟ್ಟಲಿಕ್ಕಿಲ್ಲ ಎಂದುಕೊಂಡನಂತೆ. ಅದು ಮರುಪ್ರಸಾರವಾಗಿ ಇವತ್ತಿನವರೆಗೂ ದುಡಿಯುತ್ತಿದೆ. 1970ರಲ್ಲಿ ಇನ್ನೊಂದು ಧಾರಾವಾಹಿಗೆ ನಿರೂಪಕನಾಗಿ ಮುಖ ಕೊಟ್ಟ, ಕಥೆ ಬರೆದ, ಆದರೆ ಕೊನೆಯ ಮಾತು ನಿರ್ಮಾಪಕರದ್ದು. ಅವನ ಸ್ಕ್ರಿಪ್ಟುಗಳನ್ನೇ ಬೇಡ ಅಂದರು. 1975ರಲ್ಲಿ ಹೃದಯದ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡ, 50 ವರ್ಷ. ಸಿಗರೇಟು ಬಿಟ್ಟು ಕೂತದ್ದಿಲ್ಲ (ಇದನ್ನು ತಮ್ಮನಿಗೆ ಓದಿ ಹೇಳಿ).

ಗೇರುಗುಡ್ಡೆಯ ಫಸಲನ್ನು ಒಂದು ವರ್ಷಕ್ಕೆ ಗುತ್ತಿಗೆ ಕೊಡುವುದು ಬೇರೆ, ಗುಡ್ಡೆಯನ್ನೇ ಕ್ರಯಕ್ಕೆ ಕೊಡುವುದು ಬೇರೆ. ನಿಮಗೆ ನಾನು ಹೇಳಬೇಕಾಗಿಲ್ಲ. ಕಥೆಯದ್ದೂ ಹಾಗೆಯೇ. ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ, ಹಕ್ಕು ಎಷ್ಟು ಕಾಲಕ್ಕೆ ಎಂದು ಕರಾರಿನಲ್ಲಿ ಬರೆಯದಿದ್ದರೆ 5 ವರ್ಷ ಎಂದೇ ಲೆಕ್ಕ, ಎಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. 2012ರ ತಿದ್ದುಪಡಿಯ ನಂತರ, ಚಿತ್ರಮಂದಿರದ ಹೊರಗಿನ ಬಳಕೆಯಿಂದ ಬರೆದವರಿಗೆ ಬರಬೇಕಾದ ರಾಯಲ್ಟಿಯ ಪಾಲನ್ನು ನಿರ್ಮಾಪಕರಿಗೆ ಬಿಟ್ಟುಕೊಟ್ಟೆ ಎಂದು ಸಹಿ ಹಾಕಿಸಿಕೊಂಡರೂ ಅದು ಊರ್ಜಿತವಲ್ಲ. ಕಾಯ್ದೆಯಲ್ಲಿ ಇದ್ದದ್ದೆಲ್ಲ ಕೈಗೆ ಬರುತ್ತದೆ ಎಂದಲ್ಲ. ಇಲ್ಲಿಯೂ 2023ರಲ್ಲಿ ಬರಹಗಾರರು 148 ದಿನ ಮುಷ್ಕರ ಕೂತರು, ಮುಖ್ಯ ಬೇಡಿಕೆಗಳಲ್ಲಿ ಇಂಥ ಪಾಲಿನ ಹಣವೂ ಒಂದು.

ಆದ್ದರಿಂದ ಅಪ್ಪ, ಬ್ಯಾಂಕಿನಲ್ಲಿ ಮೊದಲು ಸಂಬಳವಿಲ್ಲದ ರಜೆ ಕೇಳಲಿ, ಕೊಟ್ಟರೆ ಒಳ್ಳೆಯದು. ಶುರುವಿಗೆ ಸಂಭಾಷಣೆ ಬರೆಯುವ ಕೆಲಸವೇ ಸಿಗುವುದು, ಅದೂ ದಿನಕ್ಕೊಂದು ಕಂತಿನ ಲೆಕ್ಕದಲ್ಲಿ. ನಿದ್ದೆಗೆಟ್ಟು ಬರೆದು ಕಲಿಯಲಿ. ತನ್ನದೇ ಸ್ವಂತ ಕಥೆಯನ್ನು ಮಾತ್ರ ಬಾಯಿಮಾತಿನಲ್ಲಿ ಯಾರಿಗೂ ಹೇಳಿ ಬರುವುದು ಬೇಡ. ಕರಾರು ಬಂದರೆ ಎಲ್ಲ ಪುಟಗಳ ಫೋಟೋ ನನಗೆ ವಾಟ್ಸಾಪ್ ಮಾಡಲಿ. ಅದಕ್ಕೂ ಮೊದಲು ನೀವು ಓದಿ. ಜಾಗದ ಆಧಾರಪತ್ರದಲ್ಲಿ ಒಂದು ಸರ್ವೆ ನಂಬ್ರ ತಪ್ಪಿದರೂ ಹಿಡಿಯುವವರು ನೀವು, ಈ ಕೆಲಸಕ್ಕೆ ನಮ್ಮ ಮನೆಯಲ್ಲಿ ನಿಮಗಿಂತ ಲಾಯ್ಕಿನವರು ಇಲ್ಲ. ಓದಬೇಕಾದರೆ ಅವನ ಹತ್ತಿರ ಮಾತಾಡಲೇಬೇಕಾಗುತ್ತದೆ.

ಅಮ್ಮ, ಅಪ್ಪೆಮಿಡಿ ಕಳಿಸುವುದಾದರೆ ಮುಂದಿನ ತಿಂಗಳು ಬರುವವರೊಬ್ಬರಿದ್ದಾರೆ, ಫೋನಿನಲ್ಲಿ ಹೇಳುತ್ತೇನೆ.

ಇಂತು ನಿಮ್ಮ ಮಗಳು