ಗೆಳೆಯನಿಗೊಂದು ಪತ್ರ: ಎಷ್ಟು ಇಂಚು ಎತ್ತಲಿ?

ಲೋ ಸ್ಪ್ಯಾನರ್,

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು "ಹ್ಞೂಂ, ಹ್ಞೂಂ" ಅನ್ನುತ್ತಾ ಬೇರೇನೋ ಮಾಡುತ್ತಿರುತ್ತೀಯ. ಎಲ್ಲರಿಗೂ ಕಾಣುವ ಹಾಗೆ ಬರೆದರೆ ತಪ್ಪಿಸಿಕೊಳ್ಳೋಕೆ ಆಗಲ್ಲ, ನಾಲ್ಕು ಜನ ನಿನಗೆ ಕಳಿಸಿಯೇ ಕಳಿಸುತ್ತಾರೆ. ಉಳಿದವರಿಗೆ ಮೊದಲೇ ಹೇಳಿಬಿಡುತ್ತೇನೆ, ಇದು ಗಾಡಿ ಎತ್ತರಿಸುವ, ಅಂದರೆ ಲಿಫ್ಟ್ ಹಾಕುವ ವಿಷಯ. ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಅಂದರೆ ಆಕಳಿಕೆ ಬರುವವರು ಇಲ್ಲಿಂದಲೇ ಹೊರಡಬಹುದು, ಬೇಜಾರಿಲ್ಲ. ಮೂರನೇ ಬೋಲ್ಟಿನ ಕಥೆ ಇಲ್ಲಿ ಎತ್ತಲ್ಲ, ಹೆದರಬೇಡ.

ನನ್ನ ಗಾಡಿ ಹಿಂದಕ್ಕೆ ಕುಳಿತುಬಿಟ್ಟಿದೆ ಕಣೋ. ಮೂತಿ ಮೇಲಕ್ಕೆತ್ತಿಕೊಂಡು ನಿಂತಿರುತ್ತೆ. ರಾತ್ರಿ ಹೆಡ್‌ಲೈಟು ರಸ್ತೆ ಬಿಟ್ಟು ಮರದ ತುದಿ ತೋರಿಸುತ್ತೆ, ಎದುರಿನವರೆಲ್ಲ ಲೈಟ್ ಹೊಡೆದು ಬೈಯುತ್ತಾರೆ. ಸಣ್ಣ ಗುಂಡಿಗೂ ಬಂಪ್ ಸ್ಟಾಪ್ ಅನ್ನೋ ರಬ್ಬರ್ ತಡೆಗೆ ಗುದ್ದಿ ಹಿಂದಿನಿಂದ ಧಡ್ ಅನ್ನುತ್ತೆ. 2 ಇಂಚಿನ ಲಿಫ್ಟ್ ಹಾಕಿಸಿಬಿಡೋಣ ಅಂತ ಹೊರಟೆ. ವಿಚಾರಿಸಿದ ಕಡೆಯಲ್ಲೆಲ್ಲ ಒಂದೇ ಪ್ರಶ್ನೆ: "ಎಷ್ಟು ಇಂಚು ಬೇಕು?" ಎಷ್ಟು ಕಿಲೋ ಹೊತ್ತಿದ್ದೀಯ ಅಂತ ಒಬ್ಬರೂ ಕೇಳಲಿಲ್ಲ. ನೀನಾಗಿದ್ದರೆ ಮೊದಲು ಅದನ್ನೇ ಕೇಳುತ್ತಿದ್ದೆ, ಜೊತೆಗೆ ಎರಡು ಬೈಗುಳ.

ಅಳೆದೆ. ನೆಲದಿಂದ ಅಳೆಯಲಿಲ್ಲ, ಆ ಪಾಠ ಆಗಿದೆ. ಟೈರಿನ ಗಾಳಿ, ಸವೆತ ಎಲ್ಲ ಲೆಕ್ಕದೊಳಗೆ ನುಗ್ಗುತ್ತೆ. ಚಕ್ರದ ಹಬ್ ನಡುವಿನಿಂದ ಮೇಲೆ ಫೆಂಡರಿನ (ಮಡ್‌ಗಾರ್ಡಿನ) ಅಂಚಿನ ತನಕ ಟೇಪ್ ಹಿಡಿದೆ. ಹಿಂದಿನ ಚಕ್ರಕ್ಕೆ 475 ಮಿಲಿಮೀಟರ್. ಹೊಸದರಲ್ಲಿ ಎಷ್ಟಿತ್ತು ಅಂತ ಹುಡುಕೋ ಕೆಲಸವೇ ಇರಲಿಲ್ಲ. ಚಕ್ರದ ಗೂಡಿನೊಳಗೆ ಕೆಸರು ಒರೆಸಿದರೆ ಬಿಳಿ ಮಾರ್ಕರಿನಲ್ಲಿ ನಿನ್ನ ಕೋಳಿಕಾಲು ಅಕ್ಷರ: 510. ಅಳಿಸಿಲ್ಲ ಇನ್ನೂ.

ಅಂದರೆ 35 ಮಿಲಿಮೀಟರ್ ಕುಸಿದಿದೆ. ನಾನು ಕೊಳ್ಳೋಕೆ ಹೊರಟಿದ್ದ 2 ಇಂಚಿನಲ್ಲಿ ಹೆಚ್ಚುಕಮ್ಮಿ ಒಂದೂವರೆ ಇಂಚು, ಹೋದ ಎತ್ತರವನ್ನು ವಾಪಸ್ ತರೋದಕ್ಕೇ ಸರಿ.

ಆಮೇಲೆ ಗಾಡಿ ತೂಗುವ ವೇ ಬ್ರಿಡ್ಜಿಗೆ ಹೋದೆ. ಮೊದಲು ಮುಂದಿನ ಚಕ್ರ ಮಾತ್ರ ಹತ್ತಿಸಿ ಒಂದು ಚೀಟಿ, ಪೂರ್ತಿ ಗಾಡಿ ನಿಲ್ಲಿಸಿ ಇನ್ನೊಂದು. ಕಳೆದರೆ ಹಿಂದಿನ ಆಕ್ಸಲ್ಲಿನ, ಅಂದರೆ ಹಿಂದಿನ ಚಕ್ರಗಳ ಅಚ್ಚಿನ ಲೆಕ್ಕ ಸಿಕ್ಕಿತು. ಪೂರ್ತಿ ತೂಕ 2,430 ಕಿಲೋ. ತುಂಬಿದ ಟ್ಯಾಂಕು, ಒಳಗೆ ನಾನೊಬ್ಬನೇ. ಕಂಪನಿಯಿಂದ ಬಂದಾಗ ಖಾಲಿ ಗಾಡಿ 1,950. ಎಲ್ಲ ಸೇರಿ 2,510 ದಾಟಬಾರದು ಅಂತ ಬಾಗಿಲಿನ ಪಕ್ಕದ ತಗಡಿನಲ್ಲೇ ಕೊರೆದಿದೆ. ನಾನು ಬಿಟ್ಟು 405 ಕಿಲೋ ಸಾಮಾನು ಮಾರಾಯ! ಮನೆಯವರು ಹತ್ತಿ ಕುಳಿತರೆ ಮಿತಿ ಮೀರುತ್ತೆ. ಗಟ್ಟಿ ಸ್ಪ್ರಿಂಗ್ ಹಾಕಿದ ಮಾತ್ರಕ್ಕೆ ಆ ತಗಡಿನ ಅಂಕಿ ಬದಲಾಗಲ್ಲ. ಬ್ರೇಕು ಅದೇ, ಆಕ್ಸಲ್ ಅದೇ, ಬೇರಿಂಗ್ ಅದೇ, ಚಾಸಿ ಅದೇ. ಸೊಂಟ ಬಗ್ಗಿದ್ದು ಕಾಣದ ಹಾಗೆ ಆಗುತ್ತೆ, ಅಷ್ಟೇ.

ಹಿಂದಿನ ಆಕ್ಸಲ್ ಮೇಲೆ ಜಾಸ್ತಿಯಾಗಿದ್ದು ಸುಮಾರು 240 ಕಿಲೋ. ಹಳೇ ಸ್ಪ್ರಿಂಗ್ ಒಂದೊಂದನ್ನೂ 1 ಮಿಲಿಮೀಟರ್ ಒತ್ತೋಕೆ 35 ನ್ಯೂಟನ್ ಬಲ ಬೇಕು, ಎರಡೂ ಸೇರಿ 70. 240 ಕಿಲೋ ಅಂದರೆ ಹತ್ತಿರ ಹತ್ತಿರ 2,350 ನ್ಯೂಟನ್. ಭಾಗಿಸಿ ನೋಡು, ಮೂವತ್ತಮೂರು ಚಿಲ್ಲರೆ. ಟೇಪ್ ಹೇಳಿದ್ದು 35. ಲೆಕ್ಕ ಕೂಡಿದಾಗ ಎಷ್ಟು ಖುಷಿಯಾಯಿತು ಅಂದರೆ ಗಾಡಿ ಕುಸಿದ ಬೇಜಾರೇ ಮರೆತುಹೋಯಿತು.

ಇಷ್ಟು ಗೊತ್ತಾದ ಮೇಲೆ ಆಯ್ಕೆ ಸುಲಭ ಅಂದುಕೊಂಡೆ. ಇಲ್ಲ. ಎಲ್ಲ ಸ್ಪ್ರಿಂಗಿಗೂ "2 ಇಂಚು ಲಿಫ್ಟ್" ಅಂತ ಬರೆದಿರುತ್ತೆ, ಆದರೆ ಎಷ್ಟು ಹೊರೆಯ ಮೇಲೆ 2 ಇಂಚು ಅನ್ನೋದು ಸಣ್ಣ ಅಕ್ಷರದಲ್ಲಿರುತ್ತೆ. 300 ಕಿಲೋ ಸದಾ ಹೊರುವ ಗಾಡಿಗೆ ಮಾಡಿದ್ದನ್ನು ಖಾಲಿ ಗಾಡಿಗೆ ಹಾಕಿದರೆ ಹಿಂಭಾಗ ಮುಗಿಲು ನೋಡುತ್ತೆ, ರಸ್ತೆ ಮೇಲೆ ಕಲ್ಲಿನ ಹಾಗೆ ಕುಣಿಯುತ್ತೆ. ಅದಕ್ಕೇ ಮೊದಲು ತೀರ್ಮಾನಿಸಬೇಕಾದ್ದು ವರ್ಷಪೂರ್ತಿ ಗಾಡಿಯಲ್ಲೇ ಇರುವ ತೂಕ ಎಷ್ಟು, ಪ್ರವಾಸಕ್ಕೆ ಮಾತ್ರ ಹತ್ತುವುದು ಎಷ್ಟು ಅಂತ. ಹಳೇ ಸ್ಪ್ರಿಂಗಿಗೇ ಸ್ಪೇಸರ್ ಅನ್ನೋ ದಪ್ಪ ಬಿಲ್ಲೆ ಇಟ್ಟು ಎತ್ತು ಅಂದವರೂ ಇದ್ದಾರೆ. ಸ್ಪೇಸರ್ ಎತ್ತರ ಕೊಡುತ್ತೆ ನಿಜ, ಸ್ಪ್ರಿಂಗಿನ ಬಲ ಅಷ್ಟೇ ಉಳಿಯುತ್ತೆ. ಕುಸಿಯೋದು ಅಷ್ಟೇ ಕುಸಿಯುತ್ತೆ, ಸ್ವಲ್ಪ ಮೇಲಿನಿಂದ ಕುಸಿಯುತ್ತೆ.

ಶಾಕ್ ಹಳೆಯದೇ ಇರಲಿ ಅನ್ನೋ ಆಸೆ ನನಗೂ ಇತ್ತು. ಬಿಗಿ ಸ್ಪ್ರಿಂಗು ಒತ್ತಿಸಿಕೊಂಡ ಮೇಲೆ ಜೋರಾಗಿ ಮೇಲೇಳುತ್ತೆ, ಹಳೇ ಶಾಕಿಗೆ ಅದನ್ನು ಹಿಡಿದು ನಿಲ್ಲಿಸುವ ತಾಕತ್ತಿರಲ್ಲ. ಒಂದು ಉಬ್ಬಿಗೆ ಮೂರು ಸಲ ತೂಗುತ್ತೆ. ಉದ್ದವೂ ಸಾಲಲ್ಲ, ಚಕ್ರ ಕೆಳಗಿಳಿಯುವಾಗ ಶಾಕ್ ಪೂರ್ತಿ ಎಳೆದುಕೊಂಡು ಟಕ್ ಅನ್ನುತ್ತೆ.

ಎಡ-ಬಲ ಚಕ್ರಕ್ಕೆ ಒಂದೇ ಅಚ್ಚಿರುವ ನಮ್ಮಂಥ ಗಟ್ಟಿ ಆಕ್ಸಲ್ ಗಾಡಿಗೆ ಇನ್ನೂ ಒಂದಿಷ್ಟು ಬಾಲ ಇದೆ. ಎತ್ತರಿಸಿದರೆ, ಆಕ್ಸಲನ್ನು ಚಾಸಿಗೆ ಅಡ್ಡಡ್ಡ ಹಿಡಿದಿಡುವ ಪ್ಯಾನಾರ್ಡ್ ರಾಡ್ ಅದನ್ನು ಒಂದು ಪಕ್ಕಕ್ಕೆ ಎಳೆಯುತ್ತೆ. ಕ್ಯಾಸ್ಟರ್, ಅಂದರೆ ಮುಂದಿನ ಚಕ್ರ ಎಡ-ಬಲ ತಿರುಗುವ ಕೀಲು ಹಿಂದಕ್ಕೆ ವಾಲಿರುವ ಓರೆ, ಕಮ್ಮಿಯಾಗಿ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರೋದು ಬಿಟ್ಟು ಅಲೆದಾಡುತ್ತೆ. ನನಗೆ ನಿಜವಾಗಿ ಎದೆ ಝಲ್ ಅಂದದ್ದು ಮಾತ್ರ ಬ್ರೇಕಿನ ವಿಷಯ. ಹೊರೆ ನೋಡಿ ಹಿಂದಿನ ಬ್ರೇಕಿಗೆ ಒತ್ತಡ ಹಂಚುವ ವಾಲ್ವ್ ನನ್ನ ಗಾಡಿಯಲ್ಲಿದೆ. ಅದಕ್ಕೆ ಹೊರೆ ಗೊತ್ತಾಗೋದು ಚಾಸಿಗೂ ಆಕ್ಸಲ್ಲಿಗೂ ನಡುವೆ ಎಷ್ಟು ಅಂತರ ಇದೆ ಅನ್ನೋದರಿಂದ. ಎತ್ತರಿಸಿ ಸುಮ್ನೆ ಬಿಟ್ಟರೆ ಗಾಡಿ ಖಾಲಿ ಇದೆ ಅಂತಲೇ ಅದು ನಂಬುತ್ತೆ. ತುಂಬಿದ ಗಾಡಿಗೆ ಖಾಲಿ ಗಾಡಿಯ ಬ್ರೇಕ್! ಲಿಫ್ಟ್ ಹಾಕುವಾಗ ಆ ವಾಲ್ವಿನ ಕಡ್ಡಿಯನ್ನೂ ಸರಿಹೊಂದಿಸಬೇಕು. ಯಾರೂ ಹೇಳಿರಲಿಲ್ಲ.

ಇಷ್ಟೆಲ್ಲ ಮಾಡಿದರೂ ಡಿಫರೆನ್ಷಿಯಲ್ (ಆಕ್ಸಲ್ ನಡುವಿನ ಗೇರಿನ ಗುಂಡು ಡಬ್ಬಿ) ಒಂದು ಮಿಲಿಮೀಟರೂ ಏಳಲ್ಲ ಅನ್ನೋದು ನಿನಗೆ ಗೊತ್ತಿರುವ ತಮಾಷೆ. ಅದು ಆಕ್ಸಲ್ಲಿನ ಜೊತೆಗೇ ಇರುತ್ತೆ. ಕಲ್ಲಿಗೆ ಅದು ತಗಲಬಾರದು ಅಂದರೆ ದೊಡ್ಡ ಟೈರೇ ಬೇಕು.

ಸರಿ, ಯಾವ ತೂಕದ ಸ್ಪ್ರಿಂಗ್ ಅಂತ ತೀರ್ಮಾನಿಸೋಕೆ ಹೋದ ಭಾನುವಾರ ಸಾಮಾನೆಲ್ಲ ಕೆಳಗಿಳಿಸಿದೆ. ಒಂದೊಂದನ್ನೂ ಎತ್ತಿಕೊಂಡು ಮನೆಯ ತೂಕದ ಯಂತ್ರದ ಮೇಲೆ ನಿಲ್ಲೋದು, ನನ್ನ ತೂಕ ಕಳೆಯೋದು. (ನನ್ನ ತೂಕ ಇಲ್ಲಿ ಬರೆಯಲ್ಲ. ಜನ ನೋಡುತ್ತಿದ್ದಾರೆ.) ಮುಂದಿನ ಕಬ್ಬಿಣದ ಬಂಪರು, ವಿಂಚು, ಮೇಲಿನ ಟೆಂಟು, ಅದರ ಕ್ಯಾರಿಯರು ಬಿಚ್ಚುವ ಹಾಗಿಲ್ಲ, ಬಿಟ್ಟೆ. ಉಳಿದದ್ದನ್ನು ಎರಡು ರಾಶಿ ಮಾಡೋಣ ಅಂದುಕೊಂಡೆ, ಸದಾ ಬೇಕಾದದ್ದು ಮತ್ತು ಅಪರೂಪಕ್ಕೆ ಬೇಕಾದದ್ದು.

ರಾಶಿ ಬೇರೆಯೇ ಆಯಿತು.

ಎರಡನೇ ಸ್ಟೆಪ್ನಿ, 32. ದೊಡ್ಡ ಟೂಲ್ ಬಾಕ್ಸು, 28. ಉದ್ದದ ಜ್ಯಾಕು, 13. ಗಾಳಿ ತುಂಬುವ ಕಂಪ್ರೆಸರ್, 8. ಎಳೆಯುವ ಹಗ್ಗ, ಶ್ಯಾಕಲ್, ಪುಲ್ಲಿ ಸೇರಿ 14. ನೀರಿನ ಎರಡು ಕ್ಯಾನು, 40. ಸಲಿಕೆ, 2. ಕೂಡಿಸಿದರೆ 137 ಕಿಲೋ. ಅವನ್ನೆಲ್ಲ ಒಂದು ಕಡೆ ಯಾಕೆ ಇಟ್ಟೆ ಅಂತ ಸ್ವಲ್ಪ ಹೊತ್ತು ನನಗೇ ಹೊಳೆಯಲಿಲ್ಲ. ಒಂದೂ ಮೊದಲು ನನ್ನ ಗಾಡಿಯಲ್ಲಿ ಇರಲಿಲ್ಲ. ಎಲ್ಲ ನಿನ್ನ ಗಾಡಿಯಲ್ಲಿ ಇರುತ್ತಿದ್ದವು. ನಿನ್ನದರಲ್ಲಿ ಕಂಪ್ರೆಸರು, ನನ್ನದರಲ್ಲಿ ಒಲೆ. ಹಾಗಿತ್ತು ನಮ್ಮ ಪಾಲು.

ನೀನು ಗಾಡಿ ಮಾರಿ ಎರಡು ವರ್ಷವಾಯಿತು. ಮಾರಿದ್ದು ತಪ್ಪಲ್ಲ, ಹಾಗಂತ ಹೇಳುತ್ತಿಲ್ಲ. ಆದರೆ ಆವತ್ತಿನಿಂದ ಒಂದೊಂದು ತಿಂಗಳು ಒಂದೊಂದು ಸಾಮಾನು ಬಂದು ಸೇರಿದೆ. ಒಂಟಿ ಗಾಡಿ ದಾರಿ ಬಿಟ್ಟು ಇಳಿಯಬಾರದು ಅಂತ ನಾವೇ ಎಷ್ಟು ಹೊಸಬರಿಗೆ ಉಪದೇಶ ಮಾಡಿಲ್ಲ? ಇನ್ನೊಂದು ಗಾಡಿಯ ಸಾಮಾನೆಲ್ಲ ಇದೇ ಗಾಡಿಗೆ ತುಂಬಿದರೆ ಎರಡು ಗಾಡಿ ಆಗುತ್ತೆ ಅಂತ ಅಂದುಕೊಂಡಿದ್ದೆ ಅನ್ನಿಸುತ್ತೆ. ಹೆಚ್ಚಿನದೆಲ್ಲ ಹಿಂದಿನ ಆಕ್ಸಲ್ಲಿನ ಆಚೆಗೆ. ಆಕ್ಸಲ್ಲಿಂದ 1 ಮೀಟರ್ ಹಿಂದೆ 100 ಕಿಲೋ ಇಟ್ಟರೆ, ಎರಡು ಆಕ್ಸಲ್ ನಡುವೆ ಎರಡೂವರೆ ಮೀಟರ್ ಇರುವ ಗಾಡಿಯಲ್ಲಿ ಹಿಂದೆ 140 ಕಿಲೋ ಬೀಳುತ್ತೆ, ಮುಂದಿನ ಚಕ್ರದ ಮೇಲಿಂದ 40 ಕಿಲೋ ಏಳುತ್ತೆ. ಭದ್ರ ಇರಲಿ ಅಂತ ತುಂಬಿದ್ದೇ ಸ್ಟೇರಿಂಗ್ ಹಗುರ ಮಾಡಿ ಕೂತಿತ್ತು.

ಇನ್ನೊಂದು ಹೇಳಿಬಿಡುತ್ತೇನೆ. ಹೇಳಬಾರದು ಅಂತಲೇ ಇದ್ದೆ. ನಾವು ಮೂರು ಸಲ ಇಳಿದಿದ್ದ ಆ ಕಲ್ಲಿನ ಇಳಿಜಾರಿಗೆ ಈಚೆಗೆ ಒಬ್ಬನೇ ಹೋಗಿದ್ದೆ. ಅದರ ಬಾಯಲ್ಲಿ ಎಂಜಿನ್ ಆಫ್ ಮಾಡಿ ಇಪ್ಪತ್ತು ನಿಮಿಷ ಕುಳಿತಿದ್ದೆ. ಗಾಡಿಯ ಹಿಂಭಾಗದಲ್ಲಿ ಸಾಮಾನೆಲ್ಲ ಇತ್ತು. ಮುಂದೆ ನಿಂತು ಹಿಮ್ಮುಖವಾಗಿ ನಡೆಯುತ್ತಾ "ಎಡಕ್ಕೆ, ಎಡಕ್ಕೆ, ಸಾಕು ಸಾಕು" ಅಂತ ಕೈ ತೋರಿಸುವವನು ಇರಲಿಲ್ಲ. ಇಳಿದು ನಾನೇ ಒಮ್ಮೆ ನಡೆದು ನೋಡಿದೆ, ಕಲ್ಲುಗಳೆಲ್ಲ ಅವೇ. ವಾಪಸ್ ಹತ್ತಿದವನ ಕೈ ನಡುಗುತ್ತಿತ್ತು. ರಿವರ್ಸ್ ಹಾಕಿಕೊಂಡು ಬಂದುಬಿಟ್ಟೆ. "ದಾರಿ ಕೊಚ್ಚಿಹೋಗಿದೆ, ಯಾರೂ ಹೋಗಬೇಡಿ" ಅಂತ ಫೋಟೊ ಹಾಕಿದ್ದೆನಲ್ಲ, ಅದು ಬೇರೆ ಯಾವುದೋ ವರ್ಷದ್ದು. ನೀನೂ ಅದಕ್ಕೆ ಲೈಕ್ ಒತ್ತಿದ್ದೆ. ಕಾಳಜಿಯಿಂದ ಫೋನ್ ಮಾಡಿದ ಎಲ್ಲರಿಗೂ ಇಲ್ಲಿಂದಲೇ ಕ್ಷಮೆ. ದಾರಿ ಚೆನ್ನಾಗಿದೆ, ಹೋಗಿ ಬನ್ನಿ.

ಆವತ್ತು ಮನೆಗೆ ಬಂದವನೇ ಲಿಫ್ಟ್ ಬಗ್ಗೆ ಓದೋಕೆ ಶುರುಮಾಡಿದ್ದು. ಅದೂ 3 ಇಂಚಿನದು.

ಸಾಕು, ಬಿಡು. ಇಷ್ಟು ಬರೆದು ಓದಿದರೆ ಯಾರದೋ ಮದುವೆ ಮುರಿದ ಹಾಗಿದೆ. 137 ಕಿಲೋ ಅಂದರೆ ನಿನ್ನ ತೂಕಕ್ಕಿಂತ ಜಾಸ್ತಿಯೋ ಕಮ್ಮಿಯೋ ಹೇಳಲಾರೆ, ನಿನ್ನನ್ನು ನೋಡಿ ಬಹಳ ದಿನವಾಯಿತು. ನೀನು ಊಟದ ಹೊತ್ತಿಗೆ ಸರಿಯಾಗಿ ಮಾಯವಾಗುತ್ತಿದ್ದವನು, ಕಂಪ್ರೆಸರ್ ಹಾಗಲ್ಲ. ಬೈಯೋದೂ ಇಲ್ಲ.

ಕೊನೆಗೆ ಆಗಿದ್ದು ಹೀಗೆ. ಆ ರಾಶಿ ಹೊರಗಿಟ್ಟು ಮತ್ತೆ ಟೇಪ್ ಹಿಡಿದೆ: 495. ಏನೂ ಖರ್ಚಿಲ್ಲದೆ 20 ಮಿಲಿಮೀಟರ್ ಲಿಫ್ಟ್! ನೀರು, ಹಗ್ಗ, ಸಲಿಕೆ ಮತ್ತೆ ಒಳಗೆ ಹೋದವು, ಅಷ್ಟು ಬುದ್ಧಿ ಇದೆ ನನಗೆ. ಅದರಲ್ಲೂ ಕ್ಯಾನುಗಳನ್ನು ಹಿಂದಿನ ಬಾಗಿಲಿನಿಂದ ಮುಂದಿನ ಸೀಟಿನ ಬೆನ್ನಿಗೆ ತಂದೆ. ಸ್ಪ್ರಿಂಗ್ ಆರ್ಡರ್ ಮಾಡಿದ್ದು 40 ಮಿಲಿಮೀಟರಿನದು, ಮಧ್ಯಮ ಹೊರೆಯದು, ಅದಕ್ಕೆ ಹೊಂದುವ ಶಾಕ್ ಜೊತೆಗೆ. 3 ಇಂಚು ಕೈಬಿಟ್ಟೆ. ಮೇಲೆ ಟೆಂಟ್ ಹೊತ್ತ ಗಾಡಿಯನ್ನು ಇನ್ನೂ ಎತ್ತಿದರೆ ಓರೆ ದಾರಿಯಲ್ಲಿ ಮಗುಚೋಕೆ ಅದಕ್ಕೆ ನನ್ನ ಸಹಾಯ ಬೇಕಾಗಲ್ಲ. ಮುಂದಿನ ತಿಂಗಳು ಫಿಟ್ ಮಾಡೋದು. ಕೀಲುಗಳ ರಬ್ಬರ್ ಬುಷ್‌ಗಳ ಬೋಲ್ಟನ್ನು ಗಾಡಿ ಜ್ಯಾಕ್ ಮೇಲಿರುವಾಗ ಬಿಗಿ ಮಾಡಲ್ಲ, ಚಕ್ರ ನೆಲಕ್ಕೆ ಊರಿದ ಮೇಲೇ ಮಾಡುತ್ತೇನೆ, ಇಲ್ಲದಿದ್ದರೆ ರಬ್ಬರ್ ತಿರುಚಿಕೊಂಡು ಹರಿಯುತ್ತೆ ಅಂತ ಗೊತ್ತು. ಮೂರನೆಯದನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಹೊಸ ಅಳತೆಯನ್ನು ಆ 510ರ ಕೆಳಗೆ ಬರೆಯಬೇಕು. ಜಾಗ ಇದೆ. ಮಾರ್ಕರ್ ನಿನ್ನ ಹತ್ತಿರ ಇದೆ.

ಇಂತಿ ನಿನ್ನ,
ಎಡಕ್ಕೆ-ಎಡಕ್ಕೆ

ತಾ.ಕ.: ಎರಡು ವರ್ಷದಿಂದ ಹುಡುಕುತ್ತಿರುವ ಜ್ಯಾಕು ಕಳೆದುಹೋಗಿಲ್ಲ. ಮೇಲಿನ 137ರಲ್ಲಿ 13 ಅದೇ.